ನಾಕಾ ಕಲ್ಲು

ರಾಜ್ಯಗಳು ಅಳಿಯುತ್ತವೆ, ಅವು ಹಾಕಿದ ತೆರಿಗೆ ಅಳಿಯುವುದಿಲ್ಲ. ಗಂಭೀರವಾಗಿ ಯೋಚಿಸಬೇಕಾದ ಸಂಗತಿ. ನಮ್ಮೂರಿನ ಮಟ್ಟಿಗೆ ಹಾಗೆ ಉಳಿದದ್ದು ಸಂತೆಯ ದಿನ ನಾಲ್ಕು ಸೌತೆಕಾಯಿ.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವಾಗ ನಮ್ಮೂರ ಬಾಗಿಲಲ್ಲಿ ನಿಮಗೊಂದು ಕಲ್ಲು ಕಾಣುತ್ತದೆ. ಹಿಂದೆ ಅಲ್ಲಿ ಸುಂಕ ವಸೂಲಿಯಾಗುತ್ತಿತ್ತಂತೆ. ವಸೂಲಿ ನಿಂತು ಎಷ್ಟೋ ತಲೆಮಾರಾದರೂ, ಸಂತೆಗೆ ತರಕಾರಿ ಒಯ್ಯುವವರು ಒಂದು ಕಾಯನ್ನು ಅದರ ಮೇಲಿಟ್ಟೇ ಮುಂದೆ ಹೋಗುತ್ತಾರೆ. ಯಾರೂ ಕೇಳುವುದಿಲ್ಲ, ಇಡದಿದ್ದರೆ ವ್ಯಾಪಾರ ಕುದುರದೆಂಬ ಅಳುಕು, ಅಷ್ಟೆ. ಆ ಕಾಯಿಗೂ ನಾಕಾ ಎನ್ನುತ್ತೇವೆ, ಇಡುವ ಜಾಗಕ್ಕೂ ನಾಕಾ. ಅಲ್ಲೇ ಸ್ವಾಗತ ಕಮಾನು ಕಟ್ಟುವುದೆಂದು ಊರು ತೀರ್ಮಾನಿಸಿದಾಗ, ಇನ್ನೂ ಏಳದ ಕಮಾನಿಗೂ ಅದೇ ಹೆಸರು ಬಂತು.

ನಿವೃತ್ತ ಕನ್ನಡ ಮೇಷ್ಟ್ರಾದ ನನ್ನನ್ನು ಈ ಪದದ ಹುಟ್ಟು ಹೇಳಲು ಸಭೆಗೆ ಕರೆದರು. ನಿಘಂಟುಗಳ ಧೂಳು ಕುಡಿದು ಹೋದೆ. ಹಿಂದಿ, ಮರಾಠಿಗಳ ಕಡೆಯಿಂದ ಬಂದದ್ದು. ಸೂಜಿಯ ಕಣ್ಣು, ದಾರಿಯ ಬಾಯಿ, ಸುಂಕದ ಕಟ್ಟೆ, ಎಲ್ಲವೂ ಅದರ ಅರ್ಥವೇ ಎಂದು ಮುಕ್ಕಾಲು ಗಂಟೆ ವಿವರಿಸಿದೆ.

ಹಿಂದಿನ ಸಾಲಿನಲ್ಲಿ ಹಾಲಮ್ಮ ಕೂತಿದ್ದಳು. ಅವಳ ಗಂಡನ ಮನೆಯವರು ಒಂದು ಕಾಲಕ್ಕೆ ಆ ಸುಂಕದ ಕಾವಲುಗಾರರು. ಕಲ್ಲಿನ ಮೇಲೆ ಬಿದ್ದದ್ದು ಅವಳಿಗೆ ಸೇರುವುದು ವಾಡಿಕೆ. ಅವಳ ಮನೆಯ ಸಾರು ಕುದಿಯುವುದೇ ಅದರಿಂದ.

“ಎಲ್ಲಾ ಚಲೋ ಹೇಳಿದ್ರಿ ಮೇಷ್ಟ್ರೇ. ಕಲ್ಲು ಕೀಳ್ತಾರಂತಲ್ಲ, ಅದನ್ನ ಹೇಳ್ರಿ,” ಎಂದಳು.

ಕಮಾನಿನ ಎಡಗಂಬ ಸರಿಯಾಗಿ ಕಲ್ಲಿದ್ದಲ್ಲೇ ಬರುತ್ತಿತ್ತು. ಮೇಸ್ತ್ರಿ ಬಸಣ್ಣ ಸಮಾಧಾನ ಹೇಳಿದ: “ಆಚೆ ಇಟ್ರಾತು ಬಿಡವ್ವ. ಕಲ್ಲಿಗೇನು ಕಾಲು ನೋಯ್ತದಾ?”

“ಕಲ್ಲಿಗೆ ನೋಯಲ್ಲಪ್ಪ. ಇಡೋರ ಕೈಗೆ ಆ ಜಾಗ ರೂಢಿ. ನಿಮ್ಮನೆ ಬಾಗಿಲು ಒಂದಿನ ಆಚೆ ಇಟ್ಟು ನೋಡು, ನೀನೇ ಪಕ್ಕದ ಮನೇಲಿ ಉಂಡು ಬರ್ತಿ.”

“ಕಲ್ಲು ಅಲ್ಲೇ ಬಿಟ್ರೆ ಕಮಾನು ಸೊಟ್ಟ ಆಗ್ತದೆ,” ಎಂದ ಬಸಣ್ಣ.

ಸಭೆ ನನ್ನತ್ತ ನೋಡಿತು. ಮುಕ್ಕಾಲು ಗಂಟೆ ಮಾತಾಡಿದ ನಾನು ಟಿಪ್ಪಣಿ ಮಡಚಿ ಜೇಬಿಗಿಟ್ಟೆ.

ಮಾರನೆಯ ದಿನ ಸಂತೆ. ಬಸಣ್ಣ ಬೆಳಿಗ್ಗೆಯೇ ಕಂಬಗಳ ಗುರುತಿಗೆ ಗೂಟ ನೆಟ್ಟು ದಾರ ಎಳೆದಿದ್ದ. ಬದನೆಕಾಯಿ ಬುಟ್ಟಿ ಹೊತ್ತು ಬಂದ ಅವನ ಹೆಂಡತಿ, ಸೀರೆ ಎತ್ತಿ ಹಿಡಿದು ದಾರ ದಾಟಿ, ಕಲ್ಲಿನ ಮೇಲೊಂದು ಕಾಯಿಟ್ಟು ಬಸ್ಸು ಹತ್ತಿದಳು. ಗಂಡನ ಕಡೆ ನೋಡಲೂ ಇಲ್ಲ. ಬಸ್ಸು ಹೋಯಿತು. ಬಸಣ್ಣ ಎಡಗಂಬದ ಗೂಟ ಕಿತ್ತು ಕಲ್ಲಿನ ಹಿಂದಕ್ಕೆ ನೆಟ್ಟ.

ಈಗ ಕಮಾನು ಎದ್ದಿದೆ. ಅದರ ಎಡಗಂಬ ಬಲಗಂಬಕ್ಕಿಂತ ಮೂರಡಿ ಹಿಂದಿದೆ.