ಬರಂಗಿಲ್ಲ ಎಂಬ ಮಾತು

‘ಲಿಸಾ’ ಎಂದರೇನು? ಹೇಳಿ ನೋಡೋಣ.

ಹೋದ ವಾರ ಪಕ್ಕದ ಮನೆಯ ಹುಡುಗಿ ಶರಣಮ್ಮ ಕಲ್ಲಿನ ಪಾಟಿಯ ಮೇಲೆ ಹೀಗೆ ಬರೆದಿದ್ದಳು. ತೊಗರಿ ಆರಿಸುತ್ತ ಕುಳಿತಿದ್ದ ನನಗೆ ತಿಳಿಯಲೇ ಇಲ್ಲ. ಆಮೇಲೆ ಹೊಳೆಯಿತು. ಬಲದಿಂದ ಓದಿದರೆ ‘ಸಾಲಿ’! (ನಮ್ಮ ಬಾಯಲ್ಲಿ ಶಾಲೆ ಸಾಲಿಯೇ.) ನಿಜಾಮರ ಆಳ್ವಿಕೆಯಲ್ಲಿ, ಪೊಲೀಸ್ ಆಕ್ಷನ್‌ವರೆಗೆ, ಹುಡುಗಿ ಕಲಿತದ್ದು ಬಲದಿಂದ ಎಡಕ್ಕೆ ಬರೆಯುವ ಉರ್ದು. ಈಗ ಶಾಲೆ ಕನ್ನಡಕ್ಕೆ ತಿರುಗಿದೆ, ಅವಳ ಕೈ ಇನ್ನೂ ತಿರುಗಿಲ್ಲ. ಅಕ್ಷರಗಳು ಮಾತ್ರ ಜೋಳದ ಕಾಳಿನ ಹಾಗೆ ಗುಂಡಗಿದ್ದವು.

ಅವುಗಳ ಮೇಲೆ ಮಾಸ್ತರರ ಅಡ್ಡ ಗೀಟು.

ಅಷ್ಟೇ ಆಗಿದ್ದರೆ ಒರೆಸಬಹುದಿತ್ತು. ಗಂಜ್ ಪೇಟೆಯಲ್ಲಿ ಹಮಾಲಿ ಮಾಡುವ ಅವಳಪ್ಪ ಬಸಪ್ಪ, ಮಗಳು ಹೇಗೆ ಓದುತ್ತಾಳೆಂದು ಕೇಳಲು ಹೋಗಿದ್ದನಂತೆ. ಮೈಸೂರು ಕಡೆಯಿಂದ ಹೊಸದಾಗಿ ಬಂದ ಮಾಸ್ತರರು ಇಡೀ ಕ್ಲಾಸಿನೆದುರು ಹೇಳಿಬಿಟ್ಟರು: “ಇವಳಿಗೆ ಕನ್ನಡ ಬರುವುದಿಲ್ಲ.”

(ಕನ್ನಡದಲ್ಲೇ ಜಗಳಾಡಿ ಬೆಳೆದ ಹುಡುಗಿ!)

ಅವರು ಹೇಳಿದ್ದು ಆ ದಿನದ ಮಾತು. ಬಸಪ್ಪನ ಕಿವಿಗೆ ಬಿದ್ದದ್ದು ‘ಬರಂಗಿಲ್ಲ’. ನಮ್ಮ ಕಡೆ ಬರಂಗಿಲ್ಲ ಎಂದರೆ ಇವತ್ತೂ ಇಲ್ಲ, ಎಂದೂ ಇಲ್ಲ.

“ಮಾಸ್ತರ್ರೇ ಬರಂಗಿಲ್ಲ ಅಂದಮ್ಯಾಲ ನಾ ಯಾಕ ಕಳಿಸ್ಲಿರಿ ಅಕ್ಕಾರ? ಔರಾದ ಕಡಿ ಡಾಬಕಾ ಊರಾಗ ನಮ್ಮಕ್ಕನ ಕುರಿ ಅವ, ಕಾಯ್ಲಿ. ಕುರಿ ಎಡ-ಬಲ ಕೇಳಂಗಿಲ್ಲ” ಅಂದ ನನ್ನೆದುರು.

ಶರಣಮ್ಮ ಪಾಟಿ ಒರೆಸುತ್ತ ಮೆಲ್ಲಗೆ ಅಂದಳು: “ಹಳೇ ಸಾಹೇಬ್ರು ‘ಅಭೀ ನೈ ಆಯಾ’ ಅಂತಿದ್ರು. ಇನ್ನಾ ಬಂದಿಲ್ಲ ಅಂತ.”

ಉರ್ದು ಕಲಿಸುತ್ತಿದ್ದ ಆ ಸಾಹೇಬರು ಪೊಲೀಸ್ ಆಕ್ಷನ್ನಿನ ಗದ್ದಲದ ದಿನಗಳಲ್ಲಿ ಮನೆ ಬಿಟ್ಟು ಹೋದವರು. ಎಲ್ಲಿದ್ದಾರೆಂದು ಓಣಿಯಲ್ಲಿ ಯಾರೂ ಕೇಳುವುದಿಲ್ಲ. ಅವರ ‘ಅಭೀ’ಯೂ ಅವರ ಹಿಂದೆಯೇ ಹೋಯಿತೇ?

ಮರುದಿನ ಶಾಲೆಗೆ ಹೋದೆ. ತಪ್ಪನ್ನು ತಪ್ಪು ಎನ್ನಬಾರದೇ ಎಂದು ಮಾಸ್ತರರು ಕೇಳಿದರು. ಧಾರಾಳವಾಗಿ ಅನ್ನಿ ಎಂದೆ. ಆದರೆ ಅಕ್ಷರ ಚೆನ್ನಾಗಿವೆ, ಎಡಗಡೆಯಿಂದ ಬರೆ ಎಂದೂ ಹೇಳಬಹುದಿತ್ತಲ್ಲ? ಹುಡುಗಿಗೆ ನಾಳೆ ಮಾಡಲು ಒಂದು ಕೆಲಸ ಉಳಿಯುತ್ತಿತ್ತು. ಕೆಟ್ಟವರಲ್ಲ ಅವರು. ತಾವೇ ಬಸಪ್ಪನೊಡನೆ ಮಾತಾಡುವುದಾಗಿ ಹೇಳಿದರು. ಸಂಜೆ ಬಂದರು ಕೂಡ.

ಬಸಪ್ಪ ಬಾಗಿಲಲ್ಲೇ ಕೈಮುಗಿದ. ಮುಂಜಾನೆಯ ಔರಾದ ಬಸ್ಸಿಗೆ ಮಗಳನ್ನು ಹತ್ತಿಸಿಯಾಗಿತ್ತು. ವಾಪಸು ಕರೆಸು ಎಂದರೆ, “ಅಕ್ಕನ ಮಗಗ ಲಗ್ನಾ ಮಾಡಿ ಕೊಡಾ ಮಾತೂ ಆಗ್ಯಾದ್ರಿ” ಅಂದ. ಗೋಡೆಯ ಗೂಡಿನಲ್ಲಿ ಪಾಟಿ ಹಾಗೇ ಇತ್ತು.

ಈ ಸೋಮವಾರ ಹಾಜರಿ ಕೂಗುವಾಗ ಮಾಸ್ತರರು ರೂಢಿಯಂತೆ ಶರಣಮ್ಮನ ಹೆಸರನ್ನೂ ಕರೆದರಂತೆ. ಹುಡುಗಿಯರೆಲ್ಲ ಒಟ್ಟಿಗೆ ಉತ್ತರ ಕೊಟ್ಟರಂತೆ:

“ಆಕಿ ಬರಂಗಿಲ್ಲರಿ.”

ಈ ಉತ್ತರದ ಮೇಲೆ ಅಡ್ಡ ಗೀಟು ಎಳೆಯುವವರು ಯಾರು?