ವ್ಯಾನಿನ ಅಡಿಯಲ್ಲಿ ಕ್ರಿಸ್ತಿನಾ ಕಂಡದ್ದು

ಕುಂಬಾರವಾಡದ ಹತ್ತಿರದ ಶಾಲೆಗೆ ನಾನು ವರ್ಗವಾಗಿ ಬಂದಾಗ ಮೊದಲ ದಿನವೇ ಗೊತ್ತಾದದ್ದು ಬಸ್ಸಿನ ಸಂಗತಿ. ಬೆಳಿಗ್ಗೆ ಒಂದು ಬರುತ್ತದೆ, ಸಂಜೆ ಒಂದು ಹೋಗುತ್ತದೆ. ನಡುವೆ ಎಲ್ಲಿಗಾದರೂ ಹೋಗಬೇಕೆಂದರೆ ಇನಾಸನ ವ್ಯಾನೇ ಗತಿ. ಇನಾಸ ಅಲ್ಲಿಯ ಸಿದ್ದಿ ಕೇರಿಯವನು. ಸ್ವಲ್ಪ ಭತ್ತದ ಗದ್ದೆ ಇತ್ತು. ಉಳಿದ ದಿನಗಳಲ್ಲಿ ಎರಡನೇ ಕೈಯಿಂದ ಕೊಂಡ ಆ ಬಿಳಿ ವ್ಯಾನಿನಲ್ಲಿ ಜೊಯಿಡಾಕ್ಕೋ ದಾಂಡೇಲಿಗೋ ಜನರನ್ನು ಒಯ್ಯುತ್ತಿದ್ದ. ಗಣೇಶಗುಡಿಯ ಹೋಮ್‌ಸ್ಟೇಗಳಿಗೆ ಬರುವ ಪ್ರವಾಸಿಗರಿಂದಲೂ ಬಾಡಿಗೆ ಸಿಗುತ್ತಿತ್ತು.

ಅವನ ಹೆಂಡತಿ ಕ್ರಿಸ್ತಿನಾ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದಳು. ನಲವತ್ತರ ಆಸುಪಾಸು. ಓದಿದ್ದು ಐದನೇ ಇಯತ್ತೆಯವರೆಗೆ. ಅವಳ ಬಾಯಿಂದ ದಿನಕ್ಕೆ ಹತ್ತು ಸಲವಾದರೂ ‘ಯಾಕ?’ ಎಂಬ ಮಾತು ಬರುತ್ತಿತ್ತು. ಕುಕ್ಕರಿನ ಸೀಟಿ ಒಮ್ಮೊಮ್ಮೆ ತಡವಾಗಿ ಕೂಗುವುದು ಯಾಕೆ, ಬೇಳೆ ಉಕ್ಕುತ್ತದೆ ಅಕ್ಕಿ ಅಷ್ಟು ಉಕ್ಕುವುದಿಲ್ಲ ಯಾಕೆ ಎಂದೆಲ್ಲ ನನ್ನನ್ನು ಕೇಳುವಳು. ನನಗೆ ಅರ್ಧಕ್ಕೆ ಉತ್ತರ ಗೊತ್ತಿರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಮುಂಡಗೋಡದ ಕಡೆಯ ಸನವಳ್ಳಿಯಲ್ಲಿ ಅವಳ ತಂಗಿಯ ಮಗಳ ನಿಶ್ಚಿತಾರ್ಥವಿತ್ತು. ಇನಾಸ, ಕ್ರಿಸ್ತಿನಾ, ಹಳಿಯಾಳದಲ್ಲಿ ಪಿಯುಸಿ ಓದುತ್ತಿದ್ದ ಅವರ ಮಗಳು ಡಯಾನಾ ಮೂವರೂ ಹೊರಟಿದ್ದರು. ದಾಂಡೇಲಿಯಿಂದ ಧಾರವಾಡದ ಬಸ್ಸು ಹಿಡಿಯಲು ನಾನೂ ಹತ್ತಿಕೊಂಡೆ. ಗಣೇಶಗುಡಿ ಇನ್ನೂ ದೂರವಿರುವಾಗ ಒಂದು ಏರಿನಲ್ಲಿ ವ್ಯಾನು ಮುಕ್ಕರಿಸಿ ನಿಂತಿತು. ಸೀಟಿನ ಕೆಳಗಿಂದ ಬಿಸಿ ಹಬೆ ಬುಸ್ಸೆಂದು ಎದ್ದಿತು. ನಾವು ಕೆಳಗೆ ಹಾರಿದೆವು.

ಎರಡೂವರೆ ತಾಸು ರಸ್ತೆಯ ಪಕ್ಕದಲ್ಲಿ ಕೂತಿದ್ದೆವು. ಕೊನೆಗೊಂದು ಜೀಪು ಸಿಕ್ಕಿ, ಹಗ್ಗ ಕಟ್ಟಿ ದಾಂಡೇಲಿಯ ನಾಗಲಿಂಗಪ್ಪನ ಗ್ಯಾರೇಜಿಗೆ ಎಳೆದು ತಂದಿತು. ಕ್ರಿಸ್ತಿನಾ ದಾರಿಯುದ್ದಕ್ಕೂ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಹುಡುಗನ ಬೆರಳಿಗೆ ಹಾಕಬೇಕಾದ ಉಂಗುರ ಅದರಲ್ಲಿತ್ತು. ಅವರು ಸನವಳ್ಳಿ ಮುಟ್ಟುವಷ್ಟರಲ್ಲಿ ಅಲ್ಲಿಯವರು ಯಾರದೋ ಉಂಗುರ ಕಡ ತಂದು ಶಾಸ್ತ್ರ ಮುಗಿಸಿ, ಊಟಕ್ಕೂ ಕೂತೆದ್ದಾಗಿತ್ತಂತೆ.

ಇದಾದ ಮೇಲೆ ಗಂಡ ಹೆಂಡತಿ ಎಂಟು ದಿನ ಮಾತಾಡಲಿಲ್ಲ. “ನೀ ತಯಾರಾಗೂದಕ್ಕ ತಡಾ ಮಾಡಿದಿ, ಅದಕ್ಕ ಗಾಡಿ ಜೋರ ಹೊಡೀಬೇಕಾತು” ಎಂದು ಇನಾಸ ಅಂದಿದ್ದ. “ಗಾಡಿ ಸುದ್ದ ಇಟ್ಟಿದ್ರ ತಡಾ ಆದ್ರೂ ಮುಟ್ಟತಿದ್ವಿ” ಎಂದು ಅವಳು. ಆಮೇಲೆ ಒಂದೇ ಅಡಿಗೆ ಮನೆಯಲ್ಲಿ ಕೂತು ಡಯಾನಾಳ ಮೂಲಕ ಮಾತು. ‘ಅಪ್ಪಗ ಹೇಳು, ಗಂಜಿ ಆಗೇತಿ.’ ‘ಅವ್ವಗ ಹೇಳು, ನನಗ ಹಸಿವಿಲ್ಲ.’ ರಜೆಗೆಂದು ಬಂದ ಹುಡುಗಿ ಬೇಸತ್ತು ನಾಲ್ಕು ದಿನ ಮೊದಲೇ ಹಳಿಯಾಳಕ್ಕೆ ಹೋಗಿಬಿಟ್ಟಳು.

ಗ್ಯಾರೇಜಿನಲ್ಲಿ ನಡೆದ ಒಂದು ಸಣ್ಣ ಮಾತು ಮಾತ್ರ ಕ್ರಿಸ್ತಿನಾಳ ತಲೆಯಿಂದ ಹೋಗಿರಲಿಲ್ಲ. ಆಗ ನಾನೂ ಅಲ್ಲೇ ನಿಂತಿದ್ದೆ. ನಾಗಲಿಂಗಪ್ಪ, ಅರವತ್ತು ದಾಟಿದವ, ಒಡೆದ ರಬ್ಬರ್ ಪೈಪನ್ನು ಬಿಚ್ಚಿ ಎಸೆಯುವುದರಲ್ಲಿದ್ದ.

“ಇದು ಇವತ್ತ ಒಡೀತೇನ್ರಿ, ಮೊದಲ ಒಡದಿತ್ತೇನ್ರಿ?” ಎಂದು ಕ್ರಿಸ್ತಿನಾ ಕೇಳಿದಳು.

ಅವನು ಕೈ ತಡೆದು ಅವಳ ಮುಖ ನೋಡಿದ. ಪೈಪನ್ನು ಬಗ್ಗಿಸಿ ತೋರಿಸಿದ. ಮೈತುಂಬ ಕೂದಲೆಳೆಯಂಥ ಬಿರುಕು. ತುದಿಯಲ್ಲಿ ಒಣಗಿದ ಹಸಿರು ಬಿಳಿ ಪೊರೆ.

“ತಿಂಗಳಿಂದ ಹೇಳಾಕತ್ತಿತ್ತವ್ವಾ. ದಿನಾ ಒಂದ ತಟಕು ನೀರ ಹೊರಗ ಹಾಕೇತಿ. ನೋಡಾವ್ರ ಇರಲಿಲ್ಲ.”

“ಹೆಂಗ ನೋಡಬೇಕ್ರಿ?”

ನಾಗಲಿಂಗಪ್ಪ ಆ ದಿನ ನಕ್ಕುಬಿಟ್ಟ. ಆದರೆ ಅವಳು ಆ ಪೈಪಿನ ತುಂಡನ್ನು ಚೀಲಕ್ಕೆ ಹಾಕಿಕೊಂಡಳು. ಜೂನಿನಲ್ಲಿ ಶಾಲೆ ಶುರುವಾದಾಗ ಅದು ಅಡಿಗೆ ಕೋಣೆಯ ಕಿಟಕಿಯಲ್ಲಿತ್ತು. ಈಳಿಗೆಯಿಂದ ಉದ್ದಕ್ಕೆ ಸೀಳಿ ಒಳಗೇನಿದೆ ಎಂದು ನೋಡಿಯೂ ಆಗಿತ್ತು.

ಶನಿವಾರ ಶಾಲೆ ಅರ್ಧ ದಿನ. ಮಧ್ಯಾಹ್ನ ಸಂತೆಗೆಂದು ದಾಂಡೇಲಿಗೆ ಹೋದವಳು, ಇನಾಸ ಪ್ಯಾಸೆಂಜರಿಗಾಗಿ ಕಾಯುವ ಹೊತ್ತಿನಲ್ಲಿ, ಗ್ಯಾರೇಜಿನ ಕಟ್ಟೆಯ ಮೇಲೆ ಕೂತುಕೊಳ್ಳತೊಡಗಿದಳು. ಮೊದಮೊದಲು ನಾಗಲಿಂಗಪ್ಪನಿಗೆ ಮುಜುಗರವೇ ಆಯಿತು. ಗ್ಯಾರೇಜಿಗೆ ಬರುವವರೆಲ್ಲ ಎಷ್ಟು ಹೊತ್ತಿಗೆ ಕೊಡ್ತಿ ಅಂತ ಕೇಳುವವರೇ, ಯಾಕೆ ಕೆಟ್ಟಿತು ಅಂತ ಕೇಳಿದವರು ಯಾರೂ ಇರಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದ. ಬಿಚ್ಚಿಟ್ಟ ಇಂಜಿನ್ನುಗಳ ಮುಂದೆ ನಿಲ್ಲಿಸಿ ಒಂದೊಂದೇ ತೋರಿಸಿದ. ಇಂಜಿನ್ ತಣ್ಣಗಿರುವಾಗ ನೀರು ನೋಡಬೇಕು, ಕಡ್ಡಿ ಎಳೆದು ಎಣ್ಣೆ ನೋಡಬೇಕು. ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲಾಗಿದೆಯೇ ನೋಡಬೇಕು. ಗಾಡಿ ನಿಂತ ಜಾಗದ ನೆಲವನ್ನಂತೂ ದಿನವೂ ನೋಡಬೇಕು.

ಅವರ ಅಂಗಳದಲ್ಲಿ ಕೆಂಪು ಮಣ್ಣು. ಏನು ಬಿದ್ದರೂ ಇಂಗಿಹೋಗುತ್ತಿತ್ತು. ಕ್ರಿಸ್ತಿನಾ ಶಾಲೆಯ ಹಾಲಿನ ಪುಡಿಯ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ, ಸಂಜೆ ವ್ಯಾನಿನ ಅಡಿಗೆ ಹಾಸಿ, ಬೆಳಿಗ್ಗೆ ಎಳೆದು ನೋಡತೊಡಗಿದಳು. ಕಪ್ಪು ಕಲೆಯಾದರೆ ಇಂಜಿನ್ ಎಣ್ಣೆ. ಹಸಿರಾಗಿ ಅಂಟಂಟಾಗಿದ್ದರೆ ರೇಡಿಯೇಟರಿನ ನೀರು. ಕೆಲವು ರಟ್ಟುಗಳನ್ನು ಶಾಲೆಗೂ ತಂದು, “ಅಕ್ಕೋರ, ನಿನ್ನೀಕಿಂತ ಇವತ್ತ ದೊಡ್ಡದಾಗೇತಿ ನೋಡ್ರಿ” ಎಂದು ನನ್ನ ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಅವಳ ಜೊತೆ ನಾನೂ ಮೂಸಲು ಕಲಿತೆ.

ಇನಾಸನಿಗೆ ಇದು ಹಿಡಿಸಲಿಲ್ಲ. “ನನ್ನ ಗಾಡಿಗೆ ಹೊಸಾ ಡಾಕ್ಟರು ಬಂದಾಳ್ರೀ” ಎಂದು ಪ್ಯಾಸೆಂಜರುಗಳ ಮುಂದೆ ನಗುತ್ತಿದ್ದ. ನಗುವಿನೊಳಗೆ ಸಿಟ್ಟಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ರಟ್ಟಿನ ಅಂಚಿನಲ್ಲಿ ಹಳದಿಯ ದೊಡ್ಡ ಕಲೆ. ಅಂಥದ್ದನ್ನು ಅವಳು ಕಂಡೇ ಇರಲಿಲ್ಲ. ಇನಾಸನನ್ನು ಪ್ರವಾಸಿಗರ ಬಾಡಿಗೆಗೆ ಹೋಗಗೊಡಲಿಲ್ಲ. ಮೆಲ್ಲಗೆ ದಾಂಡೇಲಿಗೆ ಒಯ್ದು ತೋರಿಸುವಂತೆ ಹಟ ಹಿಡಿದಳು. ನಾಗಲಿಂಗಪ್ಪ ರಟ್ಟನ್ನು ಮೂಗಿಗೆ ಹಿಡಿದವನು ತಟ್ಟನೆ ಮುಖ ಹಿಂದಕ್ಕೆ ತೆಗೆದ.

“ಅವ್ವಾ, ನಿಮ್ಮ ಮನ್ಯಾಗ ನಾಯಿ ಐತೇನು?”

ಊರೆಲ್ಲ ನಕ್ಕಿತು. ಹೋಮ್‌ಸ್ಟೇಯವರು ಬಾಡಿಗೆ ತಪ್ಪಿಸಿದನೆಂದು ಎರಡು ವಾರ ಇನಾಸನನ್ನು ಕರೆಯಲಿಲ್ಲ. ಮನೆಯಲ್ಲಿ ಮತ್ತೆ ಮೌನ. ನಾಲ್ಕು ದಿನ ಅವಳು ರಟ್ಟು ಹಾಸಲಿಲ್ಲ. ಐದನೆಯ ದಿನ ಶಾಲೆಯಿಂದ ಹೋಗುವಾಗ ಕಂಕುಳಲ್ಲಿ ಮತ್ತೊಂದು ಪೆಟ್ಟಿಗೆ ಇದ್ದದ್ದನ್ನು ನೋಡಿ ನಾನು ಹುಬ್ಬೇರಿಸಿದೆ.

“ತಪ್ಪಾತು ಅಂತ ನೋಡೂದ ಬಿಡೂದೇನ್ರಿ?” ಎಂದಳು. “ಈಗ ನಾಯೀದು ಹೆಂಗಿರತೈತಿ ಅನ್ನೂದರ ಗೊತ್ತಾತಲ್ಲ.”

ಮಳೆ ಮುಗಿದ ಮೇಲೆ ಜೊಯಿಡಾದಲ್ಲಿ ತಾಲೂಕು ಮಟ್ಟದ ಕ್ರೀಡಾಕೂಟ. ನಮ್ಮ ಶಾಲೆಯಿಂದ ಆರು ಮಕ್ಕಳು ಆಯ್ಕೆಯಾಗಿದ್ದರು. ಇನಾಸನ ವ್ಯಾನನ್ನೇ ಹೇಳಿದ್ದೆ. ಬೆಳಿಗ್ಗೆ ಎಂಟಕ್ಕೇ ಮಕ್ಕಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಇನಾಸನ ಅಂಗಳಕ್ಕೇ ಬಂದು, ಕಿಟಕಿಯ ಜಾಗಕ್ಕಾಗಿ ಜಗಳಾಡಿ ಕೂತಾಗಿತ್ತು. ನಾನು ಮುಂದಿನ ಬಾಗಿಲು ತೆರೆಯುವಾಗ ಕ್ರಿಸ್ತಿನಾ ಹಿಂದಿನ ಎಡಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ರಟ್ಟಿನ ಮೇಲೆ ಅಂಗೈಯಗಲದ ಒದ್ದೆ. ಬಣ್ಣವೇ ಇಲ್ಲವೆನ್ನುವಷ್ಟು ತಿಳಿ.

“ನಾಯಿ!” ಎಂದ ಇನಾಸ. ಮಕ್ಕಳು ಕಿಸಕ್ಕನೆ ನಕ್ಕರು.

ಅವಳು ನಗಲಿಲ್ಲ. ಎರಡು ಬೆರಳಲ್ಲಿ ತಿಕ್ಕಿದಳು, ಜಾರಿತು. ಮೂಸಿದಳು. ಗಾಲಿಯ ಒಳಮೈ ಸವರಿದಳು, ಅಲ್ಲೂ ಒದ್ದೆ. “ಅಕ್ಕೋರ, ಮಕ್ಕಳನ್ನ ಇಳಸ್ರಿ.”

ನಿಜ ಹೇಳಬೇಕೆಂದರೆ ನನಗೂ ಸಿಟ್ಟು ಬಂತು. ಹತ್ತು ಗಂಟೆಗೆ ಹೆಸರು ಕೂಗುತ್ತಾರೆ. ಬಸ್ಸು ಹೋಗಿಬಿಟ್ಟಿದೆ. ಮಕ್ಕಳು ಎರಡು ತಿಂಗಳಿಂದ ಓಡಿ ಅಭ್ಯಾಸ ಮಾಡಿದ್ದಾರೆ. “ಮೆಲ್ಲಗ ಹೋದ್ರ ಆಗೂದಿಲ್ಲೇನು?” ಎಂದೆ. ಅವಳು ನೆಲದ ಮೇಲೆ ಅಂಗಾತ ಮಲಗಿ ವ್ಯಾನಿನಡಿಗೆ ಸರಿದಳು.

“ಬ್ರೇಕ್ ಒತ್ತು” ಎಂದಳು ಗಂಡನಿಗೆ.

ಅವನು ಒತ್ತಿದ.

“ಇನ್ನೊಮ್ಮೆ. ಜೋರ ಒತ್ತು.”

ನಾನೂ ಬಗ್ಗಿ ನೋಡಿದೆ. ಗಾಲಿಯ ಒಳಗಿಂದ ಸಣ್ಣದೊಂದು ಧಾರೆ ಹೊರಟು ಟೈರಿನ ಗುಂಟ ಇಳಿಯಿತು. ಮೂರನೆಯ ಸಲ ಒತ್ತಿದಾಗ ಇನಾಸನ ಮುಖದ ಬಣ್ಣ ಬದಲಾಯಿತು. ಪೆಡಲು ತಡೆಯಿಲ್ಲದೆ ಕೆಳಗೆ ಕೂತಿತ್ತು. ಅವನು ಇಳಿದು ಬಂದು ಒಗೆದ ಅಂಗಿಯಲ್ಲೇ ಹೆಂಡತಿಯ ಪಕ್ಕ ಮಲಗಿ ಮೇಲೆ ನೋಡಿದ. ಬಹಳ ಹೊತ್ತು ಇಬ್ಬರ ಕಾಲುಗಳಷ್ಟೇ ನಮಗೆ ಕಾಣುತ್ತಿದ್ದವು. ಆಮೇಲೆ ಅವನ ದನಿ ಬಂತು. “ಅಕ್ಕೋರ, ಮಕ್ಕಳನ್ನ ಇಳಸಿಬಿಡ್ರಿ.”

ಆ ದಿನ ನಾವು ಕ್ರೀಡಾಕೂಟಕ್ಕೆ ಹೋಗಲಿಲ್ಲ. ಉದ್ದ ಜಿಗಿತಕ್ಕೆ ಹೆಸರು ಕೊಟ್ಟಿದ್ದ ತುಳಜಾ ಎಂಬ ಹುಡುಗಿ ಸಂಜೆಯವರೆಗೂ ಅತ್ತಳು. ಅವಳಿಗೆ ಏನು ಹೇಳಿದರೂ ಸಮಾಧಾನವಾಗಲಿಲ್ಲ.

ಮಧ್ಯಾಹ್ನ ನಾಗಲಿಂಗಪ್ಪ ಬೈಕಿನಲ್ಲಿ ಬಂದ. ಗಾಲಿ ಬಿಚ್ಚಿ, ಒಳಗಿನ ಸವೆದ ರಬ್ಬರ್ ಬಟ್ಟಲನ್ನು ಹೊರತೆಗೆದು ಕ್ರಿಸ್ತಿನಾಳ ಅಂಗೈಯಲ್ಲಿಟ್ಟ. ಅಂಗಿಯ ಗುಂಡಿಗಿಂತ ತುಸು ದೊಡ್ಡದು. ದಾಂಡೇಲಿಯ ಖಾನಾವಳಿಯಲ್ಲಿ ಇಬ್ಬರು ಊಟ ಮಾಡಿದರೆ ಇದರ ಬೆಲೆಗಿಂತ ಹೆಚ್ಚು ಬಿಲ್ಲು ಬೀಳುತ್ತದೆ ಎಂದ.

“ಇಷ್ಟ ಸಣ್ಣದು ಅಷ್ಟು ದೊಡ್ಡ ಗಾಡಿ ನಿಂದರಸತಿತ್ತೇನ್ರಿ?” ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. ನಾಗಲಿಂಗಪ್ಪ ಅಲ್ಲೇ ಕೂತು, ಬ್ರೇಕಿನ ಎಣ್ಣೆಯ ಒತ್ತಡ ಪೆಡಲಿನಿಂದ ಗಾಲಿಯವರೆಗೆ ಹೇಗೆ ಹೋಗುತ್ತದೆ ಎಂದು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದ. ಈ ಸಲ ಇನಾಸನೂ ಪಕ್ಕದಲ್ಲಿ ಕೂತು ಕೇಳಿದ. ಹದಿನೈದು ವರ್ಷ ಗಾಡಿ ಹೊಡೆದವನು, ಇದನ್ನು ಯಾರನ್ನೂ ಕೇಳಿರಲಿಲ್ಲವಂತೆ. “ಜೊಯಿಡಾದ ಇಳಕಲು ನೆನಸಿದ್ರ ಈಗೂ ಕಾಲು ತಾನ ಬ್ರೇಕ್ ಹುಡಕತೈತ್ರಿ” ಎಂದು ಬಹಳ ದಿನದ ಮೇಲೆ ನನ್ನ ಹತ್ತಿರ ಅಂದ.

ಈಗ ಬೆಳಗಿನ ಹೊತ್ತು ಇಬ್ಬರೂ ಸೇರಿ ನೋಡುತ್ತಾರೆ. ಎಣ್ಣೆಯ ಕಡ್ಡಿ ಅವನು ಎಳೆಯುತ್ತಾನೆ, ಬೆಳಕಿಗೆ ಹಿಡಿದು ನೋಡುವುದು ಅವಳು. ಎಣ್ಣೆ, ಬೆಲ್ಟು, ಫಿಲ್ಟರು ಹಾಳಾಗುವ ಮೊದಲೇ ಬದಲಾಗುತ್ತವೆ. ಜಗಳ ನಿಂತಿಲ್ಲ. ಎಮ್ಮೆ ಮಾರಬೇಕೋ ಬೇಡವೋ ಎಂದು ಹೋದ ವಾರವೂ ಆಯಿತು. ಆದರೆ ಗಾಡಿಯ ಕಾರಣಕ್ಕೆ ಅಂಥ ಮೌನ ಮತ್ತೆ ಬಿದ್ದಿಲ್ಲ. ಡಯಾನಾ ರಜೆಯನ್ನು ಪೂರ್ತಿ ಮನೆಯಲ್ಲೇ ಕಳೆಯುತ್ತಾಳೆ. ಗಣೇಶಗುಡಿಯ ಡ್ರೈವರುಗಳು ದೂರದ ಬಾಡಿಗೆಗೆ ಹೊರಡುವ ಮುಂಚೆ ಕ್ರಿಸ್ತಿನಾಳಿಗೆ ಫೋನು ಮಾಡಿ ಕಲೆಯ ಫೋಟೋ ಕಳಿಸುವುದುಂಟು. “ನಾ ಬರೇ ನೋಡತೇನ್ರಿ, ರಿಪೇರಿ ನಾಗಲಿಂಗಪ್ಪಣ್ಣಂದು” ಎನ್ನುತ್ತಾಳೆ. ಫೋಟೋದಲ್ಲಿ ವಾಸನೆ ಬರುವುದಿಲ್ಲವೆಂಬುದು ಅವಳ ದೊಡ್ಡ ತಕರಾರು.

ಹೋದ ತಿಂಗಳು ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಕ್ರಿಸ್ತಿನಾ ಸಿಕ್ಕಿದ್ದಳು. ಅಲ್ಲೊಂದು ಹೊಸ ಬ್ಯಾಟರಿ ಆಟೋ ನಿಂತಿತ್ತು. ಅವಳು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದರ ಅಡಿಗೆ ಇಣುಕಿ ನೋಡಿದಳು. ನೆಲ ಒಣಗಿತ್ತು. ಡ್ರೈವರ್ ಶಿವಲಿಂಗ ಎಂಬವನು ಏನು ಕಳೆದಿದೆ ಎಂದು ವಿಚಾರಿಸಿದ.

“ಏನೂ ಕಳದಿಲ್ರಿ. ಇದಕ್ಕ ಎಣ್ಣಿ ಇಲ್ಲ, ನೀರಿಲ್ಲ. ಹಂಗಾರ ಕೆಡೂ ಮೊದಲ ಇದು ಹೆಂಗ ಹೇಳತೈತಿ?”

“ಇಲ್ಲಿ ದೀಪ ಹತ್ತತೈತ್ರಿ” ಎಂದು ಅವನು ಹ್ಯಾಂಡಲಿನ ಮೇಲಿನ ಪುಟ್ಟ ಪರದೆ ತೋರಿಸಿದ.

“ಆ ದೀಪಕ್ಕ ಯಾರ ಹೇಳತಾರ?”

ಶಿವಲಿಂಗ ಪರದೆಯನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಕೊನೆಗೆ ಸೀಟು ಎತ್ತಿ, “ಬರ್ರಿ, ನೋಡೂಣು” ಎಂದ. ನನ್ನ ಬಸ್ಸು ಬಂತು. ನಾನು ಹತ್ತುವಾಗ ಇಬ್ಬರೂ ಒಳಗಿನ ಕಿತ್ತಳೆ ಬಣ್ಣದ ವೈರು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೆರಳಿಟ್ಟು ಹುಡುಕುತ್ತಿದ್ದರು.