ಹವಾಮಾನದ ಕೆಳಗಿದ್ದ ಗುಂಡಿ

ಕೋಲಾರದಲ್ಲಿ ಕೂತು ನಾನು ಸಾಫ್ಟ್‌ವೇರ್ ಮಾಡುತ್ತೇನೆ. ಕೋಣೆ ಒಂದೇ, ಅದನ್ನು ಕಚೇರಿ ಎನ್ನಲು ನಾಚಿಕೆ. ಸುಗಟೂರಿನ ಕಡೆಯ ಒಂದು ಚಾಕಿ ಕೇಂದ್ರಕ್ಕೆ ಆಪ್ ಮಾಡಿಕೊಟ್ಟಿದ್ದೆ. ರೇಷ್ಮೆಹುಳುವನ್ನು ಮೊಟ್ಟೆಯಿಂದ ಸಾಕಿ, ಸ್ವಲ್ಪ ಬೆಳೆದ ಮೇಲೆ ರೈತರಿಗೆ ಕೊಡುವ ಜಾಗ ಅದು. ಮೊದಲೆಲ್ಲ ರೈತರು ಫೋನ್ ಮಾಡಿ ಇಂಥ ದಿನ ಹುಳು ಬೇಕು ಎನ್ನುತ್ತಿದ್ದರು, ಮಾಲೀಕರು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ಅಷ್ಟೇ ಕೆಲಸ.

ಅಷ್ಟೇ ಕೆಲಸಕ್ಕೆ ಆಪ್ ಮಾಡಿದರೆ ನನ್ನ ಜಾಣತನ ಕಾಣುವುದೆಲ್ಲಿ? ಹವಾಮಾನ ಸೇರಿಸಿದೆ, ಗೂಡಿನ ಮಾರುಕಟ್ಟೆಯ ಸುದ್ದಿ ಸೇರಿಸಿದೆ, ತೋಟದ ಫೋಟೊ ಹಾಕಲು ಜಾಗ ಮಾಡಿದೆ. ಮೂಗಿಗಿಂತ ಮೂಗುತಿ ಭಾರವಾಯಿತಲ್ಲ ಎಂದು ಮಾಲೀಕರು ನಕ್ಕರು. ನನಗೆ ಸಿಟ್ಟು ಬಂತು. ಫೋನ್ ಮಾಡಿ ಹೇಳುವ ದಾರಿ ಇದ್ದರೆ ಯಾರೂ ಆಪ್ ಕಲಿಯುವುದಿಲ್ಲ, ಅದನ್ನು ನಿಲ್ಲಿಸಿ ಎಂದು ಹಟ ಹಿಡಿದೆ. ನಿಲ್ಲಿಸಿದರು.

ಕೇಂದ್ರದ ಹಳೇ ಗಿರಾಕಿ ಒಬ್ಬರಿದ್ದರು, ಮದುವೆಯಾಗಿ ಬಂದಾಗಿನಿಂದ ಹುಳು ಸಾಕಿದ ಹೆಂಗಸು. ಆ ಸಲ ಅವರ ಹಿಪ್ಪುನೇರಳೆ ಸೊಪ್ಪು ಇನ್ನೂ ಎಳಸಾಗಿತ್ತು. ಹುಳು ಹತ್ತು ದಿನ ತಡವಾಗಿ ಬರಲಿ ಎಂದು ಆಪ್‌ನಲ್ಲಿ ತಾರೀಖು ಬದಲಿಸಿದರು. ಆದರೆ 'ಖಚಿತಪಡಿಸಿ' ಎಂಬ ಗುಂಡಿ ಹವಾಮಾನವನ್ನೂ ಸುದ್ದಿಯನ್ನೂ ದಾಟಿ ತೀರಾ ಕೆಳಗಿತ್ತು. ಅಲ್ಲಿಯವರೆಗೆ ಪರದೆ ಸರಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಹುಳು ಹಳೇ ದಿನಕ್ಕೇ ಬಂದಿಳಿಯಿತು.

ಅಕ್ಕಪಕ್ಕದವರು ಬುಟ್ಟಿ ಬುಟ್ಟಿ ಸೊಪ್ಪು ಕೊಟ್ಟರು. ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಹುಳುವಿನ ಹಸಿವಿಗೆ ಅದೆಲ್ಲಿ ಸಾಕು? ನಾನು ಹೋದಾಗ ಅವರು ಸತ್ತ ಹುಳುವಿನ ತಟ್ಟೆಗಳನ್ನು ಒಂದೊಂದಾಗಿ ತಿಪ್ಪೆಗೆ ಸುರಿಯುತ್ತಿದ್ದರು. ಬೈಯಲಿ ಎಂದೇ ಹೋಗಿದ್ದೆ.

"ನಿನ್ ಆಪು ಚೆನ್ನಾಗೇ ಐತೆ ನಾಯನಾ," ಎಂದರು. "ನಂಗೇ ತಲೆ ಓಡ್ಲಿಲ್ಲ."

ತಲೆ ಓಡದವನು ಎದುರಿಗೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ಹೊತ್ತಿನ ಮೌನಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ವಾಪಸು ಬಂದು ಎಲ್ಲವನ್ನೂ ಕಿತ್ತುಹಾಕಿದೆ. ಒಂದು ತಾರೀಖು, ಅದರ ಪಕ್ಕದಲ್ಲೇ ಒಂದು ಗುಂಡಿ. ಫೋನ್ ಮಾಡಿ ಹೇಳುವುದನ್ನೂ ಕೇಂದ್ರದಲ್ಲಿ ಮತ್ತೆ ಶುರು ಮಾಡಿಸಿದೆ. ಮುಂದಿನ ಬೆಳೆಯ ಹೊತ್ತಿಗೆ ಅವರಿಗೆ ತೋರಿಸಲು ಹೋದೆ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡರೇ ವಿನಾ ಫೋನ್ ಮುಟ್ಟಲಿಲ್ಲ.

"ನೀನೇ ಒತ್ತಪ್ಪ. ನಾನ್ ಒತ್ತಿದ್ರೆ ಹುಳು ಸಾಯ್ತವೆ."

ತಪ್ಪು ನಿಮ್ಮದಲ್ಲ, ನನ್ನದು ಎಂದು ಆಗ ಹೇಳಿದೆ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ಅವರು ನಕ್ಕು ಒಳಗೆ ಹೋದರು.